ಬೆಂಡಿನ ಹಿಡಿಗೂ ಬೇಕು ಜತನ: ಮೂರು ತಲೆಮಾರಿನ ಕೈ ಸೇರಿದ ಗಾಳದ ಕೋಲು

ಮುಂಬಯಿ: ಹೊಟ್ಟೆಪಾಡಿಗಾಗಿ ಊರು ಬಿಟ್ಟು ಈ ಮಹಾನಗರಕ್ಕೆ ಬಂದವರು ಕೈಯಲ್ಲಿ ತಂದದ್ದು ಒಂದು ಟ್ರಂಕು, ಒಂದು ಚಾಪೆ. ಮನಸ್ಸಿನಲ್ಲಿ ತಂದದ್ದಕ್ಕೆ ಲೆಕ್ಕವಿಲ್ಲ. ಯಾರೋ ಯಕ್ಷಗಾನದ ಹುಚ್ಚು ತಂದರು, ಯಾರೋ ಭಜನೆಯ ರಾಗ ತಂದರು, ಯಾರೋ ನಾಟಕದ ಬಣ್ಣ ತಂದರು. ಅವುಗಳಿಗೆಲ್ಲ ಇಲ್ಲಿ ಸಂಘಗಳು ಹುಟ್ಟಿಕೊಂಡವು, ವಾರ್ಷಿಕೋತ್ಸವಗಳು ನಡೆದವು, ಶಾಲು ಹೊದಿಸಿ ಸನ್ಮಾನಗಳೂ ಆದವು. ಆದರೆ ಊರ ಹೊಳೆಯ ದಡದಲ್ಲಿ ಕುಳಿತು ಗಾಳ ಹಾಕುವ ಹವ್ಯಾಸವನ್ನು ಎದೆಯಲ್ಲಿಟ್ಟುಕೊಂಡು ಬಂದವರ ಸುದ್ದಿ ಯಾವ ವೇದಿಕೆಗೂ ಬಂದಂತಿಲ್ಲ. ಅದು ಮೌನದ ಹವ್ಯಾಸ. ಮಾತಾಡಿದರೆ ಮೀನು ಓಡುತ್ತದೆ.

ಅಂತಹ ಒಬ್ಬ ಹಿರಿಯರು ಈಗ ಡೊಂಬಿವಲಿಯಲ್ಲಿದ್ದಾರೆ. ಮೂಲತಃ ಉಡುಪಿ ತಾಲೂಕಿನ ಸ್ವರ್ಣಾ ಹೊಳೆಯ ಬದಿಯವರು. ಎಪ್ಪತ್ತು ದಾಟಿದೆ. ಹೆಸರು ಹಾಕುವುದು ಬೇಡವೆಂಬುದು ಅವರ ವಿನಂತಿ. 1970ರಲ್ಲಿ ಮುಂಬಯಿಗೆ ಬಂದು, ಹಗಲು ಹೊಟೇಲಿನಲ್ಲಿ ದುಡಿದು, ರಾತ್ರಿ ಶಾಲೆಯಲ್ಲಿ ಕಲಿತು, ಮುಂದೆ ವಿಕ್ರೋಲಿ ಕಡೆಯ ಕಾರ್ಖಾನೆಯೊಂದರಲ್ಲಿ ಫಿಟ್ಟರ್ ಆಗಿ ನಿವೃತ್ತರಾದವರು. ಅವರ ಮನೆಯ ಗೋಡೆಯಲ್ಲಿ ದೇವರ ಪಟದಿಂದ ಸ್ವಲ್ಪ ದೂರದಲ್ಲಿ, ಎರಡು ತುಂಡಾಗಿ ಬಿಚ್ಚಿಟ್ಟ ಒಂಬತ್ತು ಅಡಿಯ ಗಾಳದ ಕೋಲೊಂದಿದೆ. ಕೋಲು ಫೈಬರ್‌ಗ್ಲಾಸ್‌ನದ್ದು, ಹಿಡಿ ಕಾರ್ಕ್‌ನದ್ದು. ಕರಾವಳಿಯವರು ಬಲೆಗೆ ಕಟ್ಟುವ ಬೆಂಡು, ಹಳೆಯ ಕಾಲದ ಔಷಧದ ಶೀಸೆಯ ಬೂಚು ಎಲ್ಲರಿಗೂ ಗೊತ್ತು. ಅದೇ ಜಾತಿಯ ಬೆಂಡಿನ ಹಿಡಿ. ಆ ಹಿಡಿಯನ್ನು ಹಾಳು ಮಾಡಿದ್ದು, ಆಮೇಲೆ ಉಳಿಸಿಕೊಂಡದ್ದು ಒಂದು ಕುಟುಂಬದ ಕಥೆ. ಗಾಳದ ಕೋಲು ಇರುವ ಪ್ರತಿ ಮನೆಯವರೂ ತಿಳಿದಿರಬೇಕಾದ ವಿಷಯ ಅದರಲ್ಲಿದೆ.

ಬಾವಾಜಿ ಕೊಟ್ಟ ಕೋಲು

ಚಿಕ್ಕಂದಿನಲ್ಲಿ ಬಿದಿರಿನ ಕೋಲು, ಒಂದು ಗಾಳ, ಎರೆಹುಳ ಇಷ್ಟೇ ಅವರ ಸಾಮಗ್ರಿ. ಮುಂಬಯಿಗೆ ಬಂದ ಮೇಲೆ ಹೊಳೆಯೂ ಇಲ್ಲ, ಬಿಡುವೂ ಇಲ್ಲ. ಕಾರ್ಖಾನೆಯ ಫೋರ್‌ಮನ್ ಒಬ್ಬರು ಪಾರ್ಸಿ. ಭಾನುವಾರ ತಪ್ಪದೆ ಪೊವಾಯಿ ಕೆರೆಗೆ ಹೋಗುವವರು. 1891ರ ಸುಮಾರಿಗೆ ನೀರು ಪೂರೈಕೆಗೆಂದು ಕಟ್ಟಿದ ಈ ಕೆರೆಯ ನೀರು ಕುಡಿಯಲು ಯೋಗ್ಯವಾಗಲಿಲ್ಲ. ಆದರೆ ಗಾಳದ ಹವ್ಯಾಸಿಗಳಿಗೆ ಮಾತ್ರ ಅದು ಹಲವು ದಶಕಗಳ ತೀರ್ಥಕ್ಷೇತ್ರವೇ ಆಯಿತು. ರೋಹು, ಕಾಟ್ಲಾ, ಮೃಗಾಲ್ ಮೀನುಗಳೂ ಇವೆ, ಮೊಸಳೆಗಳೂ ಇವೆ. ಬಾವಾಜಿಯ ಜತೆ ಚೀಲ ಹಿಡಿದುಕೊಂಡು ಹೋದ ಯುವಕ ಕ್ರಮೇಣ ಜತೆಗೆ ಕುಳಿತ. 1986ರಲ್ಲಿ ನಿವೃತ್ತರಾದ ದಿನ ಬಾವಾಜಿ ತಮ್ಮ ಇಂಗ್ಲೆಂಡಿನ ಕೋಲುಗಳಲ್ಲಿ ಒಂದನ್ನು ಅವರ ಕೈಗಿತ್ತರು. ಹೇಳಿದ್ದು ಒಂದೇ ಮಾತು: "ಕೋಲು ಒಡೆದರೆ ಬೇರೆ ಸಿಗುತ್ತದೆ, ಹಿಡಿಯನ್ನು ನೋಡಿಕೋ."

ಹಿಡಿಯನ್ನು ನೋಡಿಕೊಳ್ಳುವುದೆಂದರೆ ಏನು ಎಂದು ಆಗ ಅವರೂ ಕೇಳಲಿಲ್ಲ, ಇವರೂ ಹೇಳಲಿಲ್ಲ.

ಅಸಲು ಮುಟ್ಟದೆ ಬಡ್ಡಿ ಕೊಡುವ ಮರ

ಕಾರ್ಕ್ ಎಂಬುದು ಕಾರ್ಖಾನೆಯಲ್ಲಿ ಹುಟ್ಟುವ ವಸ್ತುವಲ್ಲ, ಒಂದು ಮರದ ತೊಗಟೆ. ಕಾರ್ಕ್ ಓಕ್ ಎಂಬ ಈ ಮರ ಪೋರ್ಚುಗಲ್, ಸ್ಪೇನ್, ಮೊರಾಕ್ಕೊ, ಅಲ್ಜೀರಿಯಾ, ಟುನೀಶಿಯಾ, ಇಟಲಿ ಮೊದಲಾದ ಮೆಡಿಟರೇನಿಯನ್ ಸುತ್ತಿನ ದೇಶಗಳಲ್ಲಿ ಬೆಳೆಯುತ್ತದೆ. ಪ್ರಪಂಚದ ಒಟ್ಟು ಕಾರ್ಕ್‌ನಲ್ಲಿ ಸುಮಾರು ಅರ್ಧದಷ್ಟು ಪೋರ್ಚುಗಲ್ ಒಂದರಿಂದಲೇ ಬರುತ್ತದೆ. ಮರಕ್ಕೆ ಸುಮಾರು 25 ವರ್ಷವಾದ ಮೇಲೆ ಮೊದಲ ಬಾರಿ ತೊಗಟೆ ತೆಗೆಯುತ್ತಾರೆ. ಬೇಸಗೆಯಲ್ಲಿ, ನುರಿತ ಕೆಲಸಗಾರರು ಕೊಡಲಿಯಿಂದ ಸೀಳಿ, ಒಳಪದರಕ್ಕೆ ಪೆಟ್ಟಾಗದಂತೆ ಹಲಗೆಗಳಂತೆ ಎಬ್ಬಿಸುತ್ತಾರೆ. ಮರ ಸಾಯುವುದಿಲ್ಲ, ಮತ್ತೆ ತೊಗಟೆ ಕಟ್ಟುತ್ತದೆ. ಮತ್ತೊಮ್ಮೆ ತೆಗೆಯಬೇಕಾದರೆ ಕನಿಷ್ಠ 9 ವರ್ಷ ಕಾಯಬೇಕು ಎಂಬುದು ಪೋರ್ಚುಗಲ್‌ನ ಕಾನೂನು. ಲೆಕ್ಕ ತಪ್ಪದಿರಲೆಂದು ತೊಗಟೆ ತೆಗೆದ ವರ್ಷದ ಕೊನೆಯ ಅಂಕಿಯನ್ನು ಕಾಂಡದ ಮೇಲೆ ಬಿಳಿ ಬಣ್ಣದಲ್ಲಿ ಬರೆದಿಡುತ್ತಾರೆ.

ಮೊದಲ ಎರಡು ಕೊಯ್ಲಿನ ತೊಗಟೆ ಒರಟು. ಬೂಚಿಗೆ, ಒಳ್ಳೆಯ ಹಿಡಿಗೆ ಬೇಕಾದ ನಯವಾದ ಕಾರ್ಕ್ ಸಿಗುವುದು ಮೂರನೆಯ ಕೊಯ್ಲಿನಿಂದ. ಅಂದರೆ ಸಸಿ ನೆಟ್ಟು 43 ವರ್ಷಗಳ ಬಳಿಕ! ಅಜ್ಜ ನೆಟ್ಟದ್ದನ್ನು ಮೊಮ್ಮಗ ಕೊಯ್ಯುವ ತೆಂಗಿಗಿಂತಲೂ ನಿಧಾನದ ವ್ಯವಹಾರ. ಆದರೆ ಒಮ್ಮೆ ಆರಂಭವಾದರೆ ಮರ ಸುಮಾರು 200 ವರ್ಷ ಬದುಕಿ, ಅಸಲು ಮುಟ್ಟದೆ ಒಂಬತ್ತು ವರ್ಷಕ್ಕೊಮ್ಮೆ ಬಡ್ಡಿ ಕೊಡುವ ಠೇವಣಿಯಂತೆ ತೊಗಟೆ ಕೊಡುತ್ತಲೇ ಇರುತ್ತದೆ.

1665ರಲ್ಲಿ ಇಂಗ್ಲೆಂಡಿನ ವಿಜ್ಞಾನಿ ರಾಬರ್ಟ್ ಹುಕ್ ಸೂಕ್ಷ್ಮದರ್ಶಕದಡಿ ಕಾರ್ಕ್‌ನ ತೆಳು ಚೂರನ್ನಿಟ್ಟು ನೋಡಿ, ಅದರಲ್ಲಿ ಕಂಡ ಪುಟ್ಟ ಪುಟ್ಟ ಕೋಣೆಗಳಿಗೆ ಸೆಲ್ ಎಂಬ ಹೆಸರಿಟ್ಟರು. ಶಾಲೆಯಲ್ಲಿ ಮಕ್ಕಳು ಜೀವಕೋಶ ಎಂದು ಓದುವುದು ಅಲ್ಲಿಂದ ಬಂದದ್ದು. ಈ ಕೋಣೆಗಳ ತುಂಬ ಗಾಳಿ. ಗೋಡೆಗಳಲ್ಲಿ ಸುಬೆರಿನ್ ಎಂಬ ಮೇಣದಂತಹ ಅಂಶವಿದ್ದು ನೀರನ್ನು ಒಳಗೆ ಬಿಡುವುದಿಲ್ಲ. ಆದ್ದರಿಂದಲೇ ಕಾರ್ಕ್ ತೇಲುತ್ತದೆ, ಹಗುರ, ಚಳಿಗಾಲದಲ್ಲೂ ಕೈಗೆ ಬೆಚ್ಚಗೆ. ಒದ್ದೆಯಾದಾಗ ಜಾರುವುದಕ್ಕಿಂತ ಹೆಚ್ಚು ಹಿಡಿತ ಕೊಡುತ್ತದೆ. ಮೀನು ಮೂಗು ತಾಗಿಸಿದ ಸಣ್ಣ ಕಂಪನವೂ ಅಂಗೈಗೆ ಮುಟ್ಟುತ್ತದೆ. ಗಾಳದ ಕೋಲಿಗೆ ಬೇರೇನು ಬೇಕು?

ಹಿಡಿ ಮಾಡುವ ಕ್ರಮ ಹೀಗೆ. ಸಾಮಾನ್ಯವಾಗಿ ಅರ್ಧ ಇಂಚು ದಪ್ಪದ ಕಾರ್ಕ್ ಬಿಲ್ಲೆಗಳಿಗೆ ನಡುವೆ ತೂತು ಮಾಡಿ, ಒಂದರ ಮೇಲೊಂದು ಅಂಟಿಸಿ, ಲೇತ್‌ನಲ್ಲಿ ತಿರುಗಿಸಿ ಆಕಾರ ಕೊಡುತ್ತಾರೆ. ಒಂದು ಅಡಿ ಹಿಡಿಗೆ 24 ಬಿಲ್ಲೆ. ತೊಗಟೆ ಉಸಿರಾಡುವ ರಂಧ್ರಗಳು ಬಿಲ್ಲೆಯಲ್ಲಿ ಸಣ್ಣ ಗುಳಿಗಳಾಗಿ ಕಾಣುತ್ತವೆ. ಗುಳಿ ಕಡಿಮೆ ಇದ್ದಷ್ಟೂ ಬೆಲೆ ಜಾಸ್ತಿ. ಅಗ್ಗದ ಹಿಡಿಯಲ್ಲಿ ಆ ಗುಳಿಗಳಿಗೆ ಕಾರ್ಕ್ ಪುಡಿ ಮತ್ತು ಅಂಟು ಕಲಸಿದ ಲೇಪ ತುಂಬಿ ನಯಗೊಳಿಸಿರುತ್ತಾರೆ. ಅಂಗಡಿಯಲ್ಲಿ ಎರಡೂ ಒಂದೇ ತರಹ ಹೊಳೆಯುತ್ತವೆ. ಎರಡು ಮಳೆಗಾಲ ಕಳೆದ ಮೇಲೆ ಬಣ್ಣ ಬಯಲಾಗುತ್ತದೆ.

ಕೆರೆಯೇ ಮನೆಗೆ ಬಂತು

2005ರ ಜುಲೈ 26ನ್ನು ಮುಂಬಯಿಗರು ಮರೆಯುವಂತಿಲ್ಲ. ಸಾಂತಾಕ್ರೂಜ್‌ನಲ್ಲಿ ಒಂದೇ ದಿನ 944 ಮಿ.ಮೀ. ಮಳೆ. ಆಗ ಈ ಕುಟುಂಬ ಕುರ್ಲಾದ ಚಾಳೊಂದರ ನೆಲಮಾಳಿಗೆಯಲ್ಲಿತ್ತು. ವಿಹಾರ್ ಮತ್ತು ಪೊವಾಯಿ ಕೆರೆಗಳ ಹೆಚ್ಚುವರಿ ನೀರಿನಿಂದಲೇ ಹುಟ್ಟುವ ಮಿಠೀ ನದಿ ಉಕ್ಕಿ ಮನೆಗೆ ನುಗ್ಗಿತು. "ಇಷ್ಟು ವರ್ಷ ನಾವು ಪೊವಾಯಿಗೆ ಹೋಗುತ್ತಿದ್ದೆವು, ಅಂದು ಪೊವಾಯಿಯೇ ನಮ್ಮಲ್ಲಿಗೆ ಬಂತು" ಎಂದು ಹಿರಿಯರು ಈಗ ನಗುತ್ತಾರೆ. ಅಂದು ನಗು ಇರಲಿಲ್ಲ. ಮಕ್ಕಳ ಪುಸ್ತಕ, ಅಕ್ಕಿ, ಹಾಸಿಗೆ ಎಲ್ಲ ಹೋಯಿತು. ಮಂಚದ ಹಿಂದೆ ಬಟ್ಟೆಯ ಚೀಲದಲ್ಲಿದ್ದ ಕೋಲು ಕೆಸರು ನೀರಿನಲ್ಲಿ ಎರಡು ದಿನ ನೆನೆಯಿತು. ಅದರ ನೆನಪು ಯಾರಿಗೂ ಆಗಲಿಲ್ಲ. ವಾರಗಳ ನಂತರ ಚೀಲ ಬಿಚ್ಚಿದಾಗ ಹಿಡಿಗೆ ಕಪ್ಪು ಬೂಸ್ಟು ಹಿಡಿದಿತ್ತು. ಗುಳಿಗಳ ಲೇಪ ಉದುರಿ ಸಿಡುಬಿನ ಕಲೆಯಂತೆ ತೂತು ತೂತಾಗಿತ್ತು. ಮೇಲ್ತುದಿಯಲ್ಲಿ ಇಲಿ ಒಂದಷ್ಟು ಕಡಿದಿತ್ತು. ಮೀನಿಗೆಂದು ಕಲಸುವ ಹಿಟ್ಟಿನ ವಾಸನೆ ವರ್ಷಗಟ್ಟಲೆ ಹಿಡಿಯಲ್ಲಿ ಕುಳಿತಿತ್ತಲ್ಲ!

ತಂದೆಯ ಮುಖ ನೋಡಲಾಗದೆ ಕಾಲೇಜಿಗೆ ಹೋಗುತ್ತಿದ್ದ ಮಗ ಒಂದು ಕೆಲಸ ಮಾಡಿದ. ಬಟ್ಟೆಗೆ ಹಾಕುವ ಬ್ಲೀಚಿಂಗ್ ದ್ರವದಿಂದ ಹಿಡಿಯನ್ನು ತಿಕ್ಕಿದ. ಬೂಸ್ಟು ಹೋಯಿತು, ಬಣ್ಣವೂ ಬಿಳಿಚಿಕೊಂಡಿತು. ಮೇಲೆ ಬಾಗಿಲಿಗೆ ಬಳಿಯುವ ವಾರ್ನಿಷ್ ಮೂರು ಸಲ ದಪ್ಪಗೆ ಹೊಡೆದ. ಹಿಡಿ ಗಾಜಿನಂತೆ ಹೊಳೆಯಿತು. ಹುಟ್ಟುಹಬ್ಬದ ಉಡುಗೊರೆಯಂತೆ ತಂದೆಯ ಕೈಗೆ ಕೊಟ್ಟ. ತಂದೆ ಏನೂ ಹೇಳಲಿಲ್ಲ.

ಆ ವರ್ಷದ ಡಿಸೆಂಬರಿನ ಒಂದು ಭಾನುವಾರ ಇಬ್ಬರೂ ಪೊವಾಯಿಗೆ ಹೋದರು. ಹತ್ತು ಗಂಟೆಯ ಸುಮಾರಿಗೆ ದೊಡ್ಡದೊಂದು ಕಾಟ್ಲಾ ಕಚ್ಚಿತು. ಹಿಟ್ಟು ಕಲಸಿದ ಒದ್ದೆ ಕೈ, ಗಾಜಿನಂತಹ ಹಿಡಿ. ಒಂದೇ ಎಳೆತಕ್ಕೆ ಕೋಲು ಅಂಗೈಯಿಂದ ಸೋಪಿನಂತೆ ಜಾರಿ, ರೀಲ್ ಸಮೇತ ನೀರಿಗೆ ಹೋಯಿತು. ಮೊಸಳೆ ಇರುವ ಕೆರೆ, ಇಳಿಯುವಂತಿಲ್ಲ. ಪಕ್ಕದಲ್ಲಿದ್ದ ಇನ್ನೊಬ್ಬ ಹವ್ಯಾಸಿ ಭಾರದ ಗಾಳ ಎಸೆದು ಎಸೆದು, ಅರ್ಧ ಗಂಟೆಯ ಮೇಲೆ ದಾರಕ್ಕೆ ಸಿಕ್ಕಿಸಿ ಎಳೆದು ಕೊಟ್ಟರು. ಮೀನು ಹೋಗಿತ್ತು. ಕೋಲು ಉಳಿಯಿತು.

"ಏನು ಮಾಡಿದೆ ಮಾರಾಯಾ, ಕೋಲಿಗೆ ಎಣ್ಣೆ ಸ್ನಾನ ಮಾಡಿಸಿದೆಯಾ?" ಎಂದು ತಂದೆ ಸಿಟ್ಟಿನಿಂದ ಕೇಳಿದರು. "ಹಾಳಾಗಬಾರದು ಅಂತ ಮಾಡಿದ್ದು ಅಪ್ಪ" ಎಂದ ಮಗ. ಕುರ್ಲಾ ತನಕ ಬಸ್ಸಿನಲ್ಲಿ ಇಬ್ಬರೂ ಮಾತಾಡಲಿಲ್ಲ. ಮುಂದಿನ ವಾರ ತಂದೆಯೇ ಮಗನನ್ನು ಕರೆದುಕೊಂಡು ದಾದರಿನ ಪಾರ್ಸಿ ಕಾಲೊನಿಗೆ ಹೋದರು. ಬಾವಾಜಿಗೆ ಆಗ ವಯಸ್ಸು ಎಂಬತ್ತರ ಹತ್ತಿರ. ಹಿಡಿಯನ್ನು ಸವರಿ ನೋಡಿ ಮಗನಿಗೆ ಹೇಳಿದರಂತೆ: "ದೀಕ್ರಾ, ನಿನ್ನ ಮನಸ್ಸು ಒಳ್ಳೆಯದು, ವಾರ್ನಿಷ್ ಕೆಟ್ಟದ್ದು. ಕೈಗೆ ಬೂಟು ಹಾಕಿಕೊಂಡು ಯಾರಾದರೂ ಊಟ ಮಾಡುತ್ತಾರೆಯೇ?" ಅಂದು ಅವರು ಹೇಳಿಕೊಟ್ಟ ಪಾಠವೇ ಮುಂದಿನದು.

ರಿಪೇರಿಯ ಕ್ರಮ

ಮೊದಲು ಶುಚಿ. ಹಿಡಿ ಬರೀ ಕೊಳೆಯಾಗಿದ್ದರೆ ಪಾತ್ರೆ ತೊಳೆಯುವ ದ್ರವ ಸೋಪಿನ ಎರಡು ಹನಿ, ಉಗುರು ಬೆಚ್ಚಗಿನ ನೀರು, ಮೆತ್ತನೆಯ ಬಟ್ಟೆ ಸಾಕು. ಕಬ್ಬಿಣದ ನಾರು, ಗಟ್ಟಿ ಬ್ರಶ್ಶು ಬೇಡ, ಗುಳಿಯ ಲೇಪ ಕಿತ್ತು ಬರುತ್ತದೆ. ಬ್ಲೀಚ್ ಬೇಡ. ಥಿನ್ನರ್, ನೇಲ್ ಪಾಲಿಶ್ ತೆಗೆಯುವ ಅಸಿಟೋನ್ ಮೊದಲಾದವನ್ನು ಹತ್ತಿರವೂ ತರಬಾರದು. ಅವು ಕೋಲಿನ ಮೇಲಿನ ಲೇಪವನ್ನೂ ಕೆಲವು ಅಂಟುಗಳನ್ನೂ ಕರಗಿಸುತ್ತವೆ. ತೊಳೆದ ಮೇಲೆ ಫ್ಯಾನಿನ ಗಾಳಿಯಲ್ಲಿ ಒಂದೆರಡು ದಿನ ಪೂರ್ತಿ ಒಣಗಬೇಕು. ಬಿಸಿಲಿಗೆ, ಗ್ಯಾಸಿನ ಒಲೆಯ ಹತ್ತಿರ ಇಡುವುದು ತಪ್ಪು. ನೂರರಲ್ಲಿ ತೊಂಬತ್ತು ಹಿಡಿಗಳಿಗೆ ಇಷ್ಟೇ ಚಿಕಿತ್ಸೆ ಸಾಕು ಎಂಬುದು ಬಾವಾಜಿಯ ಮಾತು.

ಎರಡನೆಯದು ಹಳೆಯ ವಾರ್ನಿಷ್ ತೆಗೆಯುವುದು. ಹಿಡಿಯ ಎರಡೂ ತುದಿಯಲ್ಲಿ ಕೋಲಿಗೆ ಮತ್ತು ರೀಲ್ ಕೂರುವ ಜಾಗಕ್ಕೆ ಮಾಸ್ಕಿಂಗ್ ಟೇಪು ಸುತ್ತಬೇಕು. ಆಮೇಲೆ ಸ್ಯಾಂಡ್ ಪೇಪರು, ಮುಂಬಯಿಯ ಹಾರ್ಡ್‌ವೇರ್ ಅಂಗಡಿಯವರ ಬಾಯಲ್ಲಿ ಪಾಲಿಶ್ ಪೇಪರು. ವಾರ್ನಿಷ್ ಇದ್ದರೆ ಮಾತ್ರ 150 ನಂಬರಿನಿಂದ ಆರಂಭ. ಇಲ್ಲದಿದ್ದರೆ 220 ಸಾಕು. ನಂಬರು ಹೆಚ್ಚಿದಷ್ಟೂ ಕಾಗದ ನಯ. ಕಾಗದವನ್ನು ಉದ್ದದ ಪಟ್ಟಿ ಕತ್ತರಿಸಿ, ಸ್ಟೇಶನ್ನಿನಲ್ಲಿ ಬೂಟ್ ಪಾಲಿಶ್ ಮಾಡುವವನು ಬಟ್ಟೆ ಎಳೆಯುವಂತೆ ಎರಡೂ ಕೈಯಿಂದ ಹಗುರಾಗಿ ಎಳೆಯಬೇಕು, ಕೋಲನ್ನು ತಿರುಗಿಸುತ್ತ ಇರಬೇಕು. ಒಂದೇ ಕಡೆ ಒತ್ತಿದರೆ ಅಲ್ಲಿ ತಗ್ಗು ಬೀಳುತ್ತದೆ. ಕಾರ್ಕ್ ಮೃದು, ಅಂಟಿನ ಗೆರೆ ಗಟ್ಟಿ ಎಂಬುದು ನೆನಪಿರಲಿ. ಮೂಗಿಗೆ ಮಾಸ್ಕ್ ಅಥವಾ ಕರವಸ್ತ್ರ ಕಟ್ಟಿಕೊಳ್ಳಬೇಕು. ಉದುರಿದ ಪುಡಿಯಲ್ಲಿ ವಾರ್ನಿಷ್ ಇಲ್ಲದ ಶುದ್ಧ ಕಾರ್ಕ್ ಪುಡಿಯನ್ನು ಒಂದು ಡಬ್ಬಿಯಲ್ಲಿ ಕೂಡಿಡಬೇಕು. ಅದೇ ಮುಂದಿನ ಬಂಡವಾಳ.

ಮೂರನೆಯದು ಗುಳಿ ತುಂಬುವುದು. ಗುಳಿಯೊಳಗಿನ ಸಡಿಲು ಕೊಳೆಯನ್ನು ಹಲ್ಲುಕಡ್ಡಿಯಿಂದ ಕೆದಕಿ ತೆಗೆದು, ಕಾರ್ಕ್ ಪುಡಿಗೆ ನೀರಿಗೆ ಜಗ್ಗದ ಮರಗೆಲಸದ ಅಂಟನ್ನು ಸ್ವಲ್ಪವೇ ಸೇರಿಸಿ ಚಪಾತಿ ಹಿಟ್ಟಿಗಿಂತ ಗಟ್ಟಿಯಾಗಿ ಕಲಸಬೇಕು. ಫೆವಿಕಾಲ್ ಮರೀನ್‌ನಂತಹ ಅಂಟು ಆಗುತ್ತದೆ. ಅಂಟು ಹೆಚ್ಚಾದರೆ ತುಂಬಿದ ಜಾಗ ಕಪ್ಪಗೆ ಕಾಣುತ್ತದೆ. ಗುಳಿಗೆ ಒತ್ತಿ, ಒಣಗಿದಾಗ ಕುಗ್ಗುವುದರಿಂದ ಸ್ವಲ್ಪ ಉಬ್ಬಾಗಿಯೇ ಬಿಟ್ಟು, 24 ಗಂಟೆ ಮುಟ್ಟದೆ ಇಡಬೇಕು.

ಇಲಿ ಕಡಿದ ಜಾಗಕ್ಕೆ ಪುಡಿಯ ಲೇಪ ನಿಲ್ಲುವುದಿಲ್ಲ. ಅಲ್ಲಿ ತೇಪೆ ಬೇಕು. ಇಲ್ಲಿ ನೆರವಾದದ್ದು ನಮ್ಮವರ ಹೊಟೇಲು ಉದ್ಯಮ! ಹಿರಿಯರ ಅಳಿಯನೊಬ್ಬ ಅಂಧೇರಿಯ ಬಾರ್ ಆಂಡ್ ರೆಸ್ಟೋರೆಂಟ್ ಒಂದರಲ್ಲಿ ಕ್ಯಾಶಿಯರ್. "ಮಾವ, ಇದು ನಾವು ಕಸಕ್ಕೆ ಹಾಕುವ ವಸ್ತು" ಎನ್ನುತ್ತ ವೈನ್ ಬಾಟಲಿಯ ಒಂದು ಚೀಲ ಬೂಚು ತಂದು ಸುರಿದ. ಅದರಲ್ಲಿ ಪ್ಲಾಸ್ಟಿಕ್‌ನವು ಉಪಯೋಗಕ್ಕಿಲ್ಲ. ಶೇಂಗಾ ಚಿಕ್ಕಿಯಂತೆ ಚೂರು ಚೂರು ಸೇರಿಸಿ ಒತ್ತಿದವೂ ಬೇಡ. ಇಡೀ ತೊಗಟೆಯಿಂದ ಕೊರೆದ, ಮರದ ಗೆರೆ ಕಾಣುವ ಬೂಚು ಆರಿಸಿ ಕೆಲವು ದಿನ ಒಣಗಿಸಬೇಕು. ಕೆಟ್ಟ ಭಾಗವನ್ನು ಹರಿತವಾದ ಬ್ಲೇಡಿನಿಂದ ಚೌಕವಾಗಿ ಕತ್ತರಿಸಿ ತೆಗೆದು, ಅದೇ ಅಳತೆಯ ತುಂಡನ್ನು ಬೂಚಿನಿಂದ ಕತ್ತರಿಸಿ ಅಂಟಿಸಿ, ದಾರದಿಂದ ಬಿಗಿದು ಒಂದು ದಿನ ಬಿಡಬೇಕು. ಫಿಟ್ಟರ್ ಕೈಗೆ ಇದು ಸುಲಭದ ಕೆಲಸ. ಮಗ ಎರಡು ಸಲ ಕೆಡಿಸಿ ಮೂರನೆಯ ಸಲ ಕಲಿತ.

ಎಲ್ಲ ಒಣಗಿದ ಮೇಲೆ 220, ಬಳಿಕ 400, ಕೊನೆಗೆ 600 ನಂಬರಿನ ಕಾಗದದಿಂದ ನಯಗೊಳಿಸಿ, ಸ್ವಲ್ಪವೇ ಒದ್ದೆಯಾದ ಬಟ್ಟೆಯಿಂದ ಧೂಳು ಒರೆಸಿ, ಮತ್ತೆ ಒಣಗಲು ಬಿಡಬೇಕು.

ಲೇಪ ಬೇಕೇ, ಬೇಡವೇ?

ಕಾರ್ಕ್ ಸ್ವತಃ ನೀರು ಕುಡಿಯುವುದಿಲ್ಲ ಎಂದ ಮೇಲೆ ಅದಕ್ಕೆ ಲೇಪವೇಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಹವ್ಯಾಸಿಗಳಲ್ಲಿ ಇದಕ್ಕೆ ಎರಡು ಪಂಗಡವಿದೆ. ಒಂದು ಪಂಗಡದವರು ಬರಿಯ ಕಾರ್ಕ್‌ನ ಹಿಡಿತಕ್ಕೆ ಸಾಟಿಯಿಲ್ಲ, ಕೈಯ ಬೆವರು ಕುಡಿದು ಕಂದು ಬಣ್ಣಕ್ಕೆ ತಿರುಗಿದ ಹಿಡಿಯೇ ಕೋಲಿನ ಸರ್ವಿಸ್ ರೆಕಾರ್ಡು ಎನ್ನುತ್ತಾರೆ. ಇನ್ನೊಂದು ಪಂಗಡದವರು ಗುಳಿಯ ಲೇಪ ಉದುರದಂತೆ, ಕೊಳೆ, ಮೀನಿನ ಜಿಡ್ಡು ಒಳಗಿಳಿಯದಂತೆ ತೆಳುವಾದ ಪದರ ಬೇಕೆನ್ನುತ್ತಾರೆ. ಇಬ್ಬರ ಮಾತೂ ಸರಿ. ಗುಳಿಯಿಲ್ಲದ ಉತ್ತಮ ದರ್ಜೆಯ ಕಾರ್ಕ್‌ಗೆ ಲೇಪ ಅಷ್ಟಾಗಿ ಬೇಡ. ಪುಡಿ ತುಂಬಿದ, ರಿಪೇರಿಯಾದ ಹಿಡಿಗೆ ಖಂಡಿತ ಬೇಕು. ಏಕೆಂದರೆ ಮೊದಲು ಸೋಲುವುದು ಕಾರ್ಕ್ ಅಲ್ಲ, ಅದರೊಳಗೆ ತುಂಬಿದ ಲೇಪ.

ಲೇಪದಲ್ಲಿ ಮೂರು ಬಗೆ. ಕಾರ್ಕ್ ಹಿಡಿಗಳಿಗೆಂದೇ ತಯಾರಾದ ತೆಳು ದ್ರವದ ಸೀಲರ್‌ಗಳು ಮೊದಲನೆಯದು. ಇವು ಒಳಗಿಳಿದು ಒಣಗುತ್ತವೆ, ಹೊಳಪು ಕಡಿಮೆ, ಹಿಡಿತ ಹೋಗುವುದಿಲ್ಲ. ಎರಡನೆಯದು ಟಂಗ್ ಎಣ್ಣೆ, ಬಂದೂಕಿನ ಮರದ ಹಿಡಿಗೆ ಬಳಸುವ ಟ್ರೂ ಆಯಿಲ್ ಮೊದಲಾದ ಒಣಗುವ ಎಣ್ಣೆಗಳು. ನೋಡಲು ಚೆಂದ, ಆದರೆ ಹಿಡಿ ಸ್ವಲ್ಪ ಕಪ್ಪಾಗುತ್ತದೆ. ಮೂರನೆಯದು ಅಗಸೆ ಎಣ್ಣೆ. ಅಗ್ಗ, ಆದರೆ ನಿಧಾನವಾಗಿ ಒಣಗುತ್ತದೆ. ಮುಂಬಯಿಯಂತಹ ತೇವದ ಊರಿನಲ್ಲಿ ಅದಕ್ಕೆ ಬೂಸ್ಟು ಬೇಗ ಹತ್ತುತ್ತದೆ. ತೆಂಗಿನೆಣ್ಣೆ, ಅಡುಗೆ ಎಣ್ಣೆ ಎಂದಿಗೂ ಹಚ್ಚಬಾರದು. ಅವು ಗಟ್ಟಿ ಪದರವಾಗುವುದಿಲ್ಲ, ಜಿಡ್ಡಾಗಿ ಉಳಿದು ಇಲಿ, ಜಿರಲೆಗಳನ್ನು ಊಟಕ್ಕೆ ಕರೆಯುತ್ತವೆ. ದಪ್ಪ ವಾರ್ನಿಷಿನ ಫಲ ಏನೆಂದು ಪೊವಾಯಿಯ ಕಾಟ್ಲಾ ಹೇಳಿಯಾಗಿದೆ. ಕಾರ್ಕ್ ಒತ್ತಿದರೆ ಬಗ್ಗುತ್ತದೆ, ದಪ್ಪ ವಾರ್ನಿಷ್ ಬಗ್ಗುವುದಿಲ್ಲ. ಆದ್ದರಿಂದ ಅದು ಒಡೆದು, ಬಿರುಕಿನಲ್ಲಿ ನೀರು ನಿಂತು ಒಳಗಿಂದೊಳಗೇ ಕಪ್ಪಾಗುತ್ತದೆ.

ಹಚ್ಚುವ ಕ್ರಮ ಸರಳ. ಹಳೆಯ ಬನಿಯನ್ ಬಟ್ಟೆಯ ತುಂಡಿಗೆ ಕೆಲವೇ ಹನಿ ಹಾಕಿ ತೆಳುವಾಗಿ ಸವರಬೇಕು. ಎಣ್ಣೆಯಾದರೆ ಹತ್ತು ಹದಿನೈದು ನಿಮಿಷದ ಮೇಲೆ ಹೆಚ್ಚಾದದ್ದನ್ನು ಒಣ ಬಟ್ಟೆಯಿಂದ ಒರೆಸಿ 24 ಗಂಟೆ ಬಿಟ್ಟು ಎರಡನೆಯ ಸಲ. ಸೀಲರ್ ಆದರೆ ಡಬ್ಬಿಯ ಮೇಲಿನ ಸಮಯದಂತೆ. ಎರಡು ತೆಳು ಪದರ ಸಾಕು, ಮೂರನೆಯದು ಆಸೆ. ಕೊನೆಗೊಂದು ಪರೀಕ್ಷೆ: ಪೂರ್ತಿ ಒಣಗಿದ ಹಿಡಿಯನ್ನು ಒದ್ದೆ ಕೈಯಲ್ಲಿ ಹಿಡಿದು ಎಳೆದು ನೋಡಬೇಕು. ಜಾರಿದರೆ ಲೇಪ ಹೆಚ್ಚಾಗಿದೆ, 600 ನಂಬರಿನ ಕಾಗದದಿಂದ ಹಗುರಾಗಿ ಇಳಿಸಬೇಕು.

ಬಹಳ ಮುಖ್ಯವಾದ ಎಚ್ಚರಿಕೆ ಒಂದಿದೆ. ಅಗಸೆ, ಟಂಗ್ ಮೊದಲಾದ ಎಣ್ಣೆಯಲ್ಲಿ ತೊಯ್ದ ಬಟ್ಟೆಯನ್ನು ಮುದ್ದೆ ಮಾಡಿ ಕಸದ ಡಬ್ಬಿಗೆ ಹಾಕಿದರೆ ಅದು ತನ್ನಷ್ಟಕ್ಕೆ ಬಿಸಿಯಾಗಿ ಬೆಂಕಿ ಹತ್ತುವುದುಂಟು. ಚಾಳಿನ, ಫ್ಲ್ಯಾಟಿನ ಒತ್ತೊತ್ತಾದ ಮನೆಗಳಲ್ಲಿ ಇದು ಸಣ್ಣ ಮಾತಲ್ಲ. ಬಟ್ಟೆಯನ್ನು ನೀರಲ್ಲಿ ಅದ್ದಿ, ಬಿಡಿಸಿ, ಹೊರಗೆ ಒಣಗಿಸಿದ ಮೇಲೆಯೇ ಎಸೆಯಬೇಕು.

ಸವಕಳಿಯ ಲೆಕ್ಕ

ಪ್ರತಿ ವರ್ಷ ಸ್ಯಾಂಡ್ ಪೇಪರು ಹಿಡಿದು ಕೂರುವವರೂ ಇದ್ದಾರೆ. ಅದು ತಪ್ಪು. ಪ್ರತಿ ಸಲ ತಿಕ್ಕಿದಾಗಲೂ ಹಿಡಿಯ ಒಂದು ಪದರ ಹೋಗುತ್ತದೆ, ಹೋದದ್ದು ಮರಳಿ ಬೆಳೆಯುವುದಿಲ್ಲ. ಮರದ ಮೇಲಿದ್ದಾಗ ಬಡ್ಡಿ, ಕೋಲಿನ ಮೇಲೆ ಬಂದ ಬಳಿಕ ಅಸಲು. ಆದ್ದರಿಂದ ತಿಕ್ಕುವುದು ಅನಿವಾರ್ಯವಾದಾಗ ಮಾತ್ರ, ತೊಳೆಯುವುದು ಪ್ರತಿ ಸಲ.

ದಿನನಿತ್ಯದ ಜತನದಲ್ಲಿ ನೆನಪಿಡಬೇಕಾದದ್ದು ಕೆಲವೇ ವಿಷಯ. ಹೊಸ ಕೋಲಿನ ಹಿಡಿಗೆ ಕಂಪೆನಿಯವರು ಸುತ್ತಿದ ಪ್ಲಾಸ್ಟಿಕ್ ಹಾಳೆಯನ್ನು ಚೆಂದಕ್ಕೆಂದು ಬಿಡಬಾರದು, ಅದರೊಳಗೆ ತೇವ ಸೇರಿದರೆ ಹೊರಬರುವ ದಾರಿಯಿಲ್ಲ. ಸಮುದ್ರದಲ್ಲಿ ಬಳಸಿದ ಕೋಲನ್ನು ಅಂದೇ ಸಿಹಿ ನೀರಿನಲ್ಲಿ ತೊಳೆಯಬೇಕು. ಒದ್ದೆ ಕೋಲನ್ನು ಚೀಲದೊಳಗೆ, ಕೊಳವೆಯೊಳಗೆ ಮುಚ್ಚಿಡಬಾರದು. ಸೊಳ್ಳೆ ಓಡಿಸುವ ಮುಲಾಮು ಹಚ್ಚಿದ ಕೈಯನ್ನು ಒರೆಸಿಕೊಂಡೇ ಕೋಲು ಹಿಡಿಯಬೇಕು, ಅದರಲ್ಲಿನ ಕೆಲವು ರಾಸಾಯನಿಕಗಳು ಲೇಪವನ್ನೂ ಪ್ಲಾಸ್ಟಿಕ್ಕನ್ನೂ ಮೆತ್ತಗಾಗಿಸುತ್ತವೆ. ಗಾಳದ ಮೊನೆಯನ್ನು ಹಿಡಿಗೆ ಚುಚ್ಚಿಡುವ ಅಭ್ಯಾಸ ಅನೇಕರಿಗಿದೆ. ಪ್ರತಿ ಚುಚ್ಚೂ ಒಂದು ಹೊಸ ಗುಳಿ. ಮಳೆಗಾಲದ ನಾಲ್ಕು ತಿಂಗಳು ಕೋಲು ಮಂಚದ ಕೆಳಗಲ್ಲ, ಗಾಳಿಯಾಡುವ ಗೋಡೆಯ ಮೇಲಿರಲಿ.

ಊರಿನ ನಂಟು

ಗಾಳದ ಕೋಲು ವಿದೇಶಿ ಶೋಕಿ ಎಂದು ಮೂಗು ಮುರಿಯುವವರಿಗೆ ಒಂದು ಸಂಗತಿ ತಿಳಿದಿರಲಿ. ಭಾರತದ ಹೊಳೆಗಳಲ್ಲಿ ಗಾಳ ಹಾಕುವ ಕುರಿತ ಪ್ರಸಿದ್ಧ ಇಂಗ್ಲಿಷ್ ಗ್ರಂಥ 'ದಿ ರಾಡ್ ಇನ್ ಇಂಡಿಯಾ' ಮೊದಲು ಪ್ರಕಟವಾದದ್ದು ಲಂಡನ್ನಿನಲ್ಲಲ್ಲ, ನಮ್ಮ ಮಂಗಳೂರಿನಲ್ಲಿ, 1873ರಲ್ಲಿ. ಬರೆದವರು ದಕ್ಷಿಣ ಕನ್ನಡದಲ್ಲಿ ಅಧಿಕಾರಿಯಾಗಿದ್ದ ಹೆನ್ರಿ ಸಲಿವನ್ ಥಾಮಸ್. ಮೈಸೂರಿನ ವ್ಯಾನ್ ಇಂಗೆನ್ ಮನೆತನದವರೊಬ್ಬರು 1946ರಲ್ಲಿ ಕಬಿನಿಯಲ್ಲಿ 120 ಪೌಂಡ್, ಅಂದರೆ ಸುಮಾರು 54 ಕಿಲೋ ತೂಕದ ಮಹಶೀರ್ ಹಿಡಿದದ್ದು ಇಂದಿಗೂ ಹವ್ಯಾಸಿಗಳ ಬಾಯಲ್ಲಿದೆ.

ಆದರೆ ಕಾಲ ಬದಲಾಗಿದೆ. ಕಾವೇರಿಯ ಆ ಗೂನು ಬೆನ್ನಿನ ಮಹಶೀರ್ 2018ರಲ್ಲಿ ಅಳಿವಿನ ಅಂಚಿನಲ್ಲಿರುವ ಜೀವಿಗಳ ಅಂತಾರಾಷ್ಟ್ರೀಯ ಕೆಂಪು ಪಟ್ಟಿಯ ಅತಿ ಅಪಾಯದ ಸಾಲಿಗೆ ಸೇರಿತು. ಅಭಯಾರಣ್ಯದೊಳಗಿನ ನೀರಿನಲ್ಲಿ ಗಾಳ ಹಾಕುವುದು ಬೇಟೆಗೆ ಸಮ. ಬೇರೆ ಕೆರೆಗಳಲ್ಲೂ ಪರವಾನಗಿ, ನಿಯಮ ವಿಚಾರಿಸಿಯೇ ಹೋಗಬೇಕು. ಹಿಡಿದ ಮೀನನ್ನು ಒದ್ದೆ ಕೈಯಲ್ಲಿ ಹಿಡಿದು ಗಾಳ ಬಿಡಿಸಿ, ಮತ್ತೆ ನೀರಿಗೆ ಬಿಡುವ ಹವ್ಯಾಸಿಗಳು ಹೆಚ್ಚಾಗಿರುವುದು ಸಂತೋಷದ ವಿಷಯ. ಡೊಂಬಿವಲಿಯ ಹಿರಿಯರೂ ಹಲವು ವರ್ಷಗಳಿಂದ ಮೀನು ಮನೆಗೆ ತಂದಿಲ್ಲ. "ಮಾರ್ಕೆಟಿನಲ್ಲಿ ಬಂಗುಡೆ ಸಿಗುತ್ತದಲ್ಲ" ಎನ್ನುತ್ತಾರೆ.

ಹಿಡಿ ಹಸ್ತಾಂತರ

ಬಾವಾಜಿ ರಿಪೇರಿಯಾದ ಕೋಲನ್ನು ನೋಡಿದರು. ಒದ್ದೆ ಕೈಯಲ್ಲಿ ಎಳೆದು ಪರೀಕ್ಷೆಯನ್ನೂ ಮಾಡಿದರು. ಮಗನ ಬೆನ್ನು ತಟ್ಟಿ, "ಈಗ ಕೋಲು ನಿನ್ನದು" ಎಂದರಂತೆ. ಮರು ವರ್ಷ ಅವರು ತೀರಿಕೊಂಡರು. ಮಗನಿಗೆ ಮುಂದೆ ಕೆಲಸವಾಯಿತು, ಮದುವೆಯಾಯಿತು, ಮಗಳು ಹುಟ್ಟಿದಳು. ಕುಟುಂಬ ಡೊಂಬಿವಲಿಗೆ ಬಂತು. ಮಗನಿಗೆ ಲೋಕಲ್ ಗಾಡಿಯ ಓಡಾಟದಲ್ಲಿ ಭಾನುವಾರವೂ ಸಾಲದು. ಅಜ್ಜನಿಗೆ ಕೈ ನಡುಗುತ್ತದೆ.

ಈಗ ಮೇ ತಿಂಗಳ ರಜೆಯಲ್ಲಿ, ಮಳೆ ಬರುವ ಮುನ್ನ, ಆ ಮನೆಯ ಬಾಲ್ಕನಿಯಲ್ಲಿ ಒಂದು ಸಣ್ಣ ಕಾರ್ಯಕ್ರಮ ನಡೆಯುತ್ತದೆ. ಹಳೆಯ ದಿನಪತ್ರಿಕೆ ಹಾಸಿ ಮೂವರೂ ಕೂರುತ್ತಾರೆ. ಶಾಲೆಗೆ ಹೋಗುವ ಮೊಮ್ಮಗಳು ಸೋಪು ನೀರಲ್ಲಿ ಹಿಡಿ ಒರೆಸುತ್ತಾಳೆ, ಮಗ ರೀಲ್ ಬಿಚ್ಚಿ ಎಣ್ಣೆ ಬಿಡುತ್ತಾನೆ, ಅಜ್ಜ ಕನ್ನಡಕ ಏರಿಸಿ ಮೇಲ್ವಿಚಾರಣೆ ಮಾಡುತ್ತಾರೆ. ಒಂದು ಸಲ ಮೊಮ್ಮಗಳು ಬೇರೆ ಬಣ್ಣದ ಆ ಚೌಕ ತೇಪೆಯ ಮೇಲೆ ಬೆರಳಿಟ್ಟು, "ಅಜ್ಜ, ಇದನ್ನು ಕಾಣದ ಹಾಗೆ ಮಾಡಲು ಆಗುವುದಿಲ್ಲವಾ?" ಎಂದು ಕೇಳಿದಳು.

"ಆಗುತ್ತದೆ ಮಗಾ, ಆದರೆ ಬೇಡ" ಎಂದರು ಅಜ್ಜ. "ಅದು ನಿನ್ನ ಅಪ್ಪ ಮೂರನೆಯ ಸಲಕ್ಕೆ ಸರಿಯಾಗಿ ಮಾಡಿದ್ದು."

ರೀಲ್ ಬಿಚ್ಚುತ್ತಿದ್ದ ಮಗ ತಲೆ ಎತ್ತಲಿಲ್ಲ. ಆ ಸಂಜೆ ಕೋಲು ಮತ್ತೆ ಗೋಡೆಗೆ ಏರಿತು, ಹಿಡಿ ಕೆಳಗೆ, ಮೊಮ್ಮಗಳ ಕೈಗೆ ಎಟಕುವ ಎತ್ತರದಲ್ಲಿ.